ಗರಗಸಕ್ಕೆ ಕೊಟ್ಟ ಬೆಲ್ಲದ ಪೆಂಟಿ

ಬೆಲ್ಲದ ಪೆಂಟಿ ಹತ್ತು ಕಿಲೋದ್ದೇ ಇರಬೇಕೆಂದು ಮೊದಲು ಹೇಳಿದವನು ಖಂಡಿತ ಗಂಡಸು. ಒಡೆಯುವ ಕೆಲಸ ಅವನ ಪಾಲಿಗೆ ಬಂದಿದ್ದರೆ ಅಂಗೈಯಷ್ಟರ ಅಚ್ಚು ಸಾಕೆನ್ನುತ್ತಿದ್ದ. ಮದುವೆಯಾಗಿ ಸದಲಗಾಕ್ಕೆ ಬಂದಾಗಿನಿಂದ ನಾನು ಬೆಲ್ಲ ಒಡೆಯುತ್ತಿದ್ದೇನೆ. ಒನಕೆ, ಹಾರೆ, ಕುಡುಗೋಲಿನ ಹಿಡಿ, ಒಮ್ಮೆ ಸಿಟ್ಟು ಬಂದು ರುಬ್ಬುಗುಂಡು, ಎಲ್ಲವನ್ನೂ ಅದರ ಮೇಲೆ ಹಾಕಿ ನೋಡಿದ್ದೇನೆ.

ಮಗಳ ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಕಾಗವಾಡದಿಂದ ಹುಡುಗನ ಕಡೆಯವರು ಬರುವವರಿದ್ದರು. ಹುಡುಗನ ಅಜ್ಜಿ ನಾಲ್ಕು ದಿನ ಮೊದಲೇ ಫೋನಿನಲ್ಲಿ ಹೇಳಿದ್ದರು: "ನಿಮ್ಮ ಕೈಯಾಗಿನ ಶೇಂಗಾ ಹೋಳಗಿ ಬಾಳ ಚೊಲೊ ಇರ್ತಾವಂತ ಕೇಳೇನ್ರಿ. ಬ್ಯಾರೆ ಏನೂ ಬ್ಯಾಡ, ಅವೆರಡ ನನ್ನ ತಾಟಿನ್ಯಾಗ ಇಟ್ಟರ ಸಾಕು." ಆ ಮಾತು ಕೇಳಿ ನಾನು ಒಂದು ಗೇಣು ಎತ್ತರವಾಗಿದ್ದೆ. ಮಗಳು ಹೋಗಿ ಬಾಳುವ ಮನೆಯ ಹಿರಿಯರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಹಿಂದಿನ ದಿನ ಮಧ್ಯಾಹ್ನ ಪೆಂಟಿ ಕಲ್ಲಾಗಿ ಕೂತಿತ್ತು. ಒನಕೆಯಿಂದ ಹತ್ತು ಏಟು ಹಾಕಿದರೆ ಸುಪಾರಿಯಷ್ಟು ಚೂರು ಹಾರಿತು, ಅದೂ ನನ್ನ ಹಣೆಗೆ. ನಮ್ಮ ಮನೆಯವರು ಕಬ್ಬಿಗೆ ನೀರು ಹಾಯಿಸಲು ಹೊಲಕ್ಕೆ ಹೋಗಿದ್ದರು. ಹಿತ್ತಲ ಶೆಡ್ಡಿನಲ್ಲಿ ಅವರ ಮೇಜಿನ ಗರಗಸ ಒಂಟಿಯಾಗಿತ್ತು.

ಆ ಗರಗಸದ ಬಗ್ಗೆ ಹೇಳಬೇಕು. ಅವರು ರೈತರು, ಬಡಿಗರಲ್ಲ. ಎಮ್ಮೆ ಮಾರಿದ ಮೇಲೆ ಖಾಲಿಯಾದ ಶೆಡ್ಡಿನಲ್ಲಿ ಅದನ್ನು ತಂದಿಟ್ಟುಕೊಂಡು ಮಣೆ, ಸ್ಟೂಲು, ಕುಂಟುವ ಟೀಪಾಯಿ ಮಾಡುತ್ತಿದ್ದರು. ನಲವತ್ತು ಹಲ್ಲಿನ ದುಂಡನೆಯ ಬ್ಲೇಡು. ಒಂದೊಂದು ಹಲ್ಲಿನ ತುದಿಗೂ ಬಲು ಗಟ್ಟಿಯಾದ ಲೋಹದ ಚೂರು ಬೆಸೆದದ್ದು. ನನ್ನ ಸೆರಗು ಅದಕ್ಕೆ ತಾಗಿದರೂ "ಲೇ, ಅದು ಆಟದ ಸಾಮಾನಲ್ಲ!" ಎಂದು ಕೂಗುತ್ತಿದ್ದರು. ನನಗಾದರೂ ಅಷ್ಟು ಕಾಳಜಿ ಮಾಡಿದ್ದು ಕಾಣೆ.

ಬ್ಲೇಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೆಂಟಿಯನ್ನು ಮೇಜಿನ ಮೇಲಿಟ್ಟು ಸ್ವಿಚ್ಚು ಒತ್ತಿದೆ. ಯವ್ವಾ, ಏನು ಕೊಯ್ದಿತು ಅಂತೀರಿ! ಶೆಡ್ಡಿನ ತುಂಬಾ ಆಲೆಮನೆಯ ವಾಸನೆ. ಒಂದು ಮಗ್ಗುಲು ಕೊಯ್ದು, ತಿರುವಿ ಹಾಕಿ ಇನ್ನೊಂದು ಮಗ್ಗುಲು ಕೊಯ್ದೆ. ಐದು ಹೋಳು ಸಲೀಸಾಗಿ ಬಿದ್ದವು. ಆರನೆಯದಕ್ಕೆ ಬೆಲ್ಲ ಕರಗಿ, ಹೊಗೆ ಎದ್ದು, ಬ್ಲೇಡು ಖಟ್ ಎಂದು ನಿಂತೇಬಿಟ್ಟಿತು. ಇಷ್ಟು ಸಾಕೆಂದು ಹೋಳುಗಳನ್ನು ಅತ್ತೆಗೆ ಕೊಟ್ಟೆ. ಅವರು ಕುಟ್ಟಿ ಶೇಂಗಾ ಪುಡಿಯಲ್ಲಿ ಕಲಸಲು ಕೂತರು. ನಾನು ಬಿಸಿನೀರು, ಹುಣಸೆಹಣ್ಣು ಹಿಡಿದು ಕುರುಹು ಅಳಿಸಲು ಶೆಡ್ಡಿಗೆ ಓಡಿದೆ.

ಹಲ್ಲು ಹಲ್ಲನ್ನೂ ತಿಕ್ಕುತ್ತ ಬಂದರೆ ಒಂದು ಕಡೆ ಬೆರಳಿಗೆ ತಗ್ಗು ಹತ್ತಿತು. ತುದಿಯ ಚೂರು ಇರಲಿಲ್ಲ. ನೆಲ ಗುಡಿಸಿದೆ, ಮೇಜಿನ ಕೆಳಗೆ ಹುಡುಕಿದೆ, ಇಲ್ಲ. ಅದು ಬೆಲ್ಲದೊಳಗೇ ಸೇರಿರಬೇಕು. ಅಡುಗೆಮನೆಗೆ ಬಂದರೆ ಅತ್ತೆ ಮತ್ತು ಪಕ್ಕದ ಮನೆಯಾಕೆ ಹೂರಣ ತುಂಬಿ ಲಟ್ಟಿಸಿ ಅರ್ಧ ಹೋಳಿಗೆ ಬೇಯಿಸಿಯೂ ಆಗಿತ್ತು.

ಬಾಯಿ ಬಿಡಲಿಲ್ಲ ನಾನು. ಬಿಟ್ಟರೆ ನಮ್ಮ ಮನೆಯವರ ಬ್ಲೇಡು ಮುಟ್ಟಿದ್ದು ಹೊರಬೀಳುತ್ತಿತ್ತು. ಶೆಡ್ಡಿನಲ್ಲಿದ್ದ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಒಂದೊಂದು ಹೋಳಿಗೆಯ ಮೇಲೂ ಸುತ್ತಿಸತೊಡಗಿದೆ.

"ಏನ್ ಮಾಡಾಕತ್ತೀ?" ಎಂದರು ಅತ್ತೆ.

"ದೃಷ್ಟಿ ತಗ್ಯಾಕತ್ತೀನ್ರಿ."

"ಹೌದು ನೋಡ, ನಾಕ್ ಮಂದಿ ಕಣ್ಣು. ಹಂಗ ಹುಡುಗಿಗೂ ತಗಿ. ಹಾಲಿಗೂ ತಗಿ."

ಮಗಳಿಗೆ, ಹಾಲಿಗೆ, ಗ್ಯಾಸಿನ ಸಿಲಿಂಡರಿಗೆ ಎಲ್ಲಕ್ಕೂ ತೆಗೆದೆ. ಒಮ್ಮೆ ಟಕ್ ಎಂದು ಏನೋ ಅಂಟಿ ಜೀವ ಬಾಯಿಗೆ ಬಂತು. ನೋಡಿದರೆ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು. ಹೊಲದಿಂದ ಬಂದು ಬಾಗಿಲಲ್ಲಿ ನಿಂತು ನಮ್ಮ ಮನೆಯವರು ಇದನ್ನೆಲ್ಲ ನೋಡಿದರು, ಏನೂ ಕೇಳದೆ ಹೋದರು.

ಮರುದಿನ ಬೆಳಿಗ್ಗೆ ಎದ್ದು ಕೂತು ವಿಚಾರ ಮಾಡಿದೆ. ಆ ಅಜ್ಜಿಯ ಗಂಟಲಿಗೆ ಚೂರು ಸಿಕ್ಕಿದರೆ? ಮಗಳ ಬಾಳು ಶುರುವಾಗುವ ಮೊದಲೇ ಮುರಿಯುತ್ತದೆ. ನನ್ನ ಹೆಚ್ಚುಗಾರಿಕೆ ಮಣ್ಣುಪಾಲಾದರೂ ಸರಿ ಎಂದು ಎಲ್ಲಾ ಹೋಳಿಗೆಯನ್ನೂ ಡಬ್ಬಿಗೆ ತುಂಬಿ ಮೂಟೆಗಳ ಹಿಂದೆ ಬಚ್ಚಿಟ್ಟು, ಬೆಕ್ಕು ಬಾಯಿ ಹಾಕಿತೆಂದು ಅತ್ತೆಗೆ ಹೇಳಿದೆ. ಅತ್ತೆ ಕಸಬರಿಗೆ ಹಿಡಿದು ಆ ಬಡಪಾಯಿ ಬೆಕ್ಕನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದರು. ನಾನು ಗಡಿಬಿಡಿಯಲ್ಲಿ ರವೆಯ ಶಿರಾ ಮಾಡಿದೆ.

ಶಾಸ್ತ್ರವೆಲ್ಲ ಚೆನ್ನಾಗಿ ಆಯಿತು. ಮಗಳೂ ಹುಡುಗನೂ ನಮ್ಮ ಮನೆಯವರು ಮಾಡಿದ ಹೊಸ ಮಣೆಗಳ ಮೇಲೆ ಕೂತಿದ್ದರು. ಊಟಕ್ಕೆ ಕೂತಾಗ ಅಜ್ಜಿ ತಾಟಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. ಅಷ್ಟರಲ್ಲಿ ನನ್ನ ಗಂಡ ಎಂಬ ಮಹಾಶಯರು ಪಂಕ್ತಿಗೆಲ್ಲ ಕೇಳುವಂತೆ, "ಹೋಳಗಿ ಎಲ್ಲಿ? ನಿನ್ನಿ ರಗಡ ಮಾಡಿದ್ರಲ್ಲ?" ಎಂದರು!

"ಕೆಟ್ಟಾವ್ರಿ," ಎಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಎರಡು ಚಮಚ ಶಿರಾ ತಿಂದು ಕೈ ತೊಳೆದುಕೊಂಡರು.

ಅವರೆಲ್ಲ ಹೊರಟ ಮೇಲೆ ಡಬ್ಬಿಯನ್ನು ಹೊಲದಲ್ಲಿ ಹೂಳಿ ಬರೋಣವೆಂದು ಎತ್ತಿದರೆ ಹಗುರ. ಒಳಗೆ ಎಂಟು ಹೋಳಿಗೆ ಕಡಿಮೆ! ಶೆಡ್ಡಿಗೆ ಓಡಿದರೆ ನಮ್ಮ ಮನೆಯವರು ಸ್ಟೂಲಿನ ಮೇಲೆ ಕೂತು, ತುಪ್ಪ ಸವರಿಕೊಂಡು, ಕಣ್ಣು ಮುಚ್ಚಿ ಮೆಲ್ಲುತ್ತಿದ್ದಾರೆ.

"ಅಯ್ಯೋ, ಉಗುಳ್ರಿ! ಅದರಾಗ ಬ್ಲೇಡಿನ ಹಲ್ಲ ಐತಿ!"

ಅವರು ನಿಧಾನಕ್ಕೆ ನುಂಗಿದರು. ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಅಕ್ಕಿಕಾಳಿನಷ್ಟರ ಲೋಹದ ಚೂರು. "ಹಲ್ಲ ಇಲ್ಲೈತಿ. ಎಂಟ ದಿನಾತು."

ನನಗೆ ತಿಳಿಯಲು ಗಳಿಗೆ ಹಿಡಿಯಿತು. ಬ್ಲೇಡಿನ ಹಲ್ಲು ಮುರಿದವಳು ನಾನಲ್ಲ! ಸಂಜೆ ಗರಗಸದ ಮೇಲೆ ಇರುವೆ ಸಾಲು ಕಂಡಾಗಲೇ ಇವರಿಗೆ ಬೆಲ್ಲದ ಕಥೆ ಗೊತ್ತಾಗಿದೆ. ಅಯಸ್ಕಾಂತ ಕಂಡಾಗ ನನ್ನ ಭಯವೂ ಗೊತ್ತಾಗಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು.

"ಯಾಕ್ ಹೇಳಲಿಲ್ರಿ? ಹೆಂಗ ಮುರೀತು?"

"ಕಟ್ಟಗಿ ಕೊಯ್ಯಾಗ ಮೊಳಿ ಹತ್ತಿತು."

"ಯಾವ ಮೊಳಿ?"

ಅವರು ಗೋಡೆ ನೋಡಿದರು. "ನಿನ್ನ ತವರಮನಿ ಪೆಟ್ಟಗಿದು."

ಅಪ್ಪ ಕೊಟ್ಟ ಸಾಗವಾನಿ ಪೆಟ್ಟಿಗೆ. ಅದನ್ನು ಮುಟ್ಟಿದರೆ ನೆಟ್ಟಗಿರುವುದಿಲ್ಲವೆಂದು ಹತ್ತು ಸಲ ಹೇಳಿದ್ದೆ. ಅಟ್ಟಕ್ಕೆ ಹತ್ತಿ ಅದರ ಮೇಲೆ ಹೊದಿಸಿದ್ದ ಕೌದಿ ಸರಿಸಿದರೆ ಮುಚ್ಚಳವೇ ಇಲ್ಲ. ಮಗಳು ಕೂತ ಮಣೆಗಳು ಅದರದ್ದೇ. ಸಿಟ್ಟೂ ಬಂತು, ಅಳುವೂ ಬಂತು. ಅವಳು ಅಜ್ಜ ಕೊಟ್ಟ ಸಾಗವಾನಿಯ ಮೇಲೆ ಕೂತಳಲ್ಲ ಎಂದು ಒಂದು ಕ್ಷಣ ಸಂತೋಷವೂ ಆಯಿತು. ಆ ಸಂತೋಷವನ್ನು ಅವರಿಗೆ ತೋರಿಸದೆ ಬಾಯಿಗೆ ಬಂದಂತೆ ಬೈದೆ.

ಮರುದಿನ ಬೆಳಿಗ್ಗೆ ಉಳಿದ ಹೋಳಿಗೆಯ ಡಬ್ಬಿ ಅವರ ತಲೆಗೆ ಕಟ್ಟಿ ಕಾಗವಾಡಕ್ಕೆ ಹೊರಡಿಸಿದೆ. ನಾನೂ ಜೊತೆಗೆ ಹೋಗಿ ಅಜ್ಜಿಯ ಎದುರು ಕೂರಿಸಿ, "ಹೇಳ್ರಿ, ಎಲ್ಲಾ ನೀವ ಹೇಳ್ರಿ" ಎಂದೆ. ಪೆಟ್ಟಿಗೆಯಿಂದ ಹಿಡಿದು ಪೊಟ್ಟಣದವರೆಗೆ ಒಂದನ್ನೂ ಬಿಡದಂತೆ ಹೇಳಿಸಿದೆ. ಬಿಟ್ಟಲ್ಲಿ ಮೊಣಕೈಯಿಂದ ತಿವಿದೆ.

ಅಜ್ಜಿ ನಗಲಿಲ್ಲ. "ನಿನ್ನಿ ನಿಮ್ಮ ಮನ್ಯಾಗ ಕಾಲ ಇಟ್ಟಕೂಡ್ಲೆ ಹೋಳಗಿ ವಾಸನಿ ಬಡದಿತ್ತು ನನ್ನ ಮೂಗಿಗೆ. ವಾಸನಿ ಐತಿ, ತಾಟಿನ್ಯಾಗ ಇಲ್ಲ. ಈ ಮಂದಿಗೆ ನಾವು ಮನಸಿಗೆ ಬಂದಿಲ್ಲ ಅಂತ ತಿಳಕೊಂಡ್ನಿ. ಇವತ್ತ ಸಂಬಂಧ ಬ್ಯಾಡಂತ ಹೇಳಿ ಕಳಸೂದಿತ್ತು," ಎಂದರು.

ನಮ್ಮ ಮನೆಯವರ ಮುಖ ಸುಣ್ಣವಾಯಿತು. ನಾನೂ ತಿವಿಯುವುದನ್ನು ಮರೆತೆ. ಒಂದು ಚೇಷ್ಟೆಗೆ ಮಗಳ ಮದುವೆಯೇ ಹೋಗುತ್ತಿತ್ತು. ಅಜ್ಜಿ ಡಬ್ಬಿ ತೆರೆದು ಒಂದು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡರು, ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನಕ್ಕೆ ಮೆದ್ದರು. ಎರಡನೆಯದಕ್ಕೆ ಕೈ ಹಾಕಿದರು.

"ಅಗಬಾಯಿ, ಎಷ್ಟ್ ಹದಾ ಐತಿ!" ಎಂದವರು ನಮ್ಮ ಮನೆಯವರತ್ತ ತಿರುಗಿದರು. "ಲಗ್ನಕ್ಕ ಐದ ಪೆಂಟಿ ಬೆಲ್ಲ ಬೇಕ್ರಿ. ಒಡದ ಒಡದ ನನ್ನ ರಟ್ಟಿ ಹೋಗ್ಯಾವು. ನಿಮ್ಮ ಮಿಷನ್ ಮ್ಯಾಲ ಕೊಯ್ದ ಕೊಡ್ರಿ."

ಬೀಗರೆದುರು ಇಲ್ಲ ಅನ್ನುವುದುಂಟೆ? "ಆತ್ರಿ," ಎಂಬ ಸಣ್ಣ ದನಿ ಕೇಳಿಸಿತು.

ಬ್ಲೇಡನ್ನು ನಿಪ್ಪಾಣಿಗೆ ಒಯ್ದು ಹಲ್ಲು ಬೆಸೆಸಿಕೊಂಡು ಬಂದರು. ಕಟ್ಟಿಗೆಗೆಂದು ತಮಗೆ ಹೊಸದೊಂದು ತಂದುಕೊಂಡರು. ಬೆಲ್ಲ ಕೊಯ್ಯುವ ಹಳೆಯದು ಈಗ ನನ್ನ ಅಡುಗೆಮನೆಯ ಗೋಡೆಯ ಮೇಲಿದೆ. ಅದನ್ನು ಮುಟ್ಟಬೇಕಾದರೆ ಅವರು ನನ್ನನ್ನು ಕೇಳಬೇಕು.