ಹತ್ತು ಹುಣಸೆ ಬೀಜ

ಮೊನ್ನೆ ಹೊಸ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಒಬ್ಬನಿಗೆ ವರ್ಷಕ್ಕೆ ಎಷ್ಟು ಹುಣಸೆ ಬೇಕು, ನೀವೇ ಹೇಳಿ. ಆದರೂ ಹಗರಿಬೊಮ್ಮನಹಳ್ಳಿ ಸಂತೆಯಿಂದ, ಹೆಂಡತಿ ಇದ್ದಾಗ ತರುತ್ತಿದ್ದಷ್ಟನ್ನೇ ತಂದಿದ್ದೆ. ನೋಡಿದರೆ, ಕೈ ತನ್ನಷ್ಟಕ್ಕೆ ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿಟ್ಟಿತ್ತು.

ಅದು ಹಳೆಯ ಚಟ. ಹಂಪಸಾಗರದ ಶಾಲೆಯಲ್ಲಿದ್ದಾಗ ಭಾನುವಾರ ಮಧ್ಯಾಹ್ನ ಹೆಡ್‌ಮಾಸ್ತರರ ಪಡಸಾಲೆಯಲ್ಲಿ ನಾವು ನಾಲ್ಕೈದು ಮೇಷ್ಟ್ರುಗಳು ಪೋಕರ್ ಟೂರ್ನಮೆಂಟ್ ಆಡುತ್ತಿದ್ದೆವು. ಹೆಡ್‌ಮಾಸ್ತರರು ತಮ್ಮ ಅಳಿಯನ ಮೊಬೈಲಿನಲ್ಲಿ ನೋಡಿ ಕಲಿತ ಇಸ್ಪೀಟಿನ ಆಟ. ಪಣಕ್ಕೆ ಹುಣಸೆ ಬೀಜ, ಹತ್ತು ಹತ್ತರ ಗುಂಪು ಮಾಡಿ. ಬೀಜ ಮುಗಿದವನು ಏಳಬೇಕು. ಕೊನೆಗೆ ಉಳಿದವನಿಗೆ ಎರಡನೆಯ ಲೋಟ ಚಹಾ. ಆ ಚಹಾದ ರುಚಿ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಆಟ ಮಾತ್ರ ಮರೆತಿಲ್ಲ. ನನ್ನ ಬಳಿ ಉಳಿದದ್ದು ಹತ್ತೇ ಬೀಜ, ಆದರೆ ಕೈಯಲ್ಲಿ ಎರಡು ರಾಜ, ಅಪರೂಪಕ್ಕೆ ಬರುವ ಬಲವಾದ ಜೋಡಿ. ಎಲ್ಲರ ಕೈಗೂ ಸೇರಿಸಿ ಲೆಕ್ಕ ಹಾಕುವ ನಡುವಿನ ಎಲೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಹೆಡ್‌ಮಾಸ್ತರರು ನಾಲ್ಕು ಬೀಜ ಇಟ್ಟರು. ಹತ್ತನ್ನೂ ನೂಕಬೇಕಾದ ಹೊತ್ತು ಅದು. ಆದರೆ ಹಿರಿಯರ ಮುಂದೆ ಅಷ್ಟು ಜೋರು ಮಾಡುವುದು ಹೇಗೆ? ಅವರಷ್ಟೇ ನಾಲ್ಕು ಇಟ್ಟು ಸುಮ್ಮನಾದೆ. ನಡುವೆ ಎಕ್ಕ ಬಿತ್ತು. ಅವರು ಮತ್ತೆ ಬೀಜ ಇಟ್ಟರು. ಅವರ ಕೈಯಲ್ಲೂ ಎಕ್ಕ ಇರಬೇಕು, ಎಕ್ಕದ ಜೋಡಿ ನನ್ನ ರಾಜರನ್ನು ಸೋಲಿಸುತ್ತದೆ ಎಂದು ಹೆದರಿ ನಾನು ಆಟ ಬಿಟ್ಟೆ. ಅವರು ನಗುತ್ತ ಎಲೆ ತೋರಿಸಿದರು: ಒಂದು ಗುಲಾಮ, ಒಂದು ಹತ್ತು, ನನ್ನ ರಾಜರ ಮುಂದೆ ಏನೂ ಅಲ್ಲ.

"ಮೊದ್ಲ ಎಲ್ಲಾ ನೂಕಿದ್ರ ನಾನ ಬಿಡ್ತಿದ್ದೆ ನೋಡ್ರಿ ಮೇಷ್ಟ್ರ. ಆಡಾಕ ಬಂದೀರೋ, ನನಗ ಮರ್ಯಾದಿ ಕೊಡಾಕ ಬಂದೀರೋ?"

ನಿವೃತ್ತರಾಗಿ ಅವರು ತಮ್ಮೂರು ಹಲವಾಗಲಿಗೆ ಹೋದರು. ಅಲ್ಲಿ ಅವರೂ ಒಬ್ಬರೇ. "ನಾಕ್ ದಿನ ಇದ್ದು ಹೋಗ್ರಿ" ಎಂದು ಕರೆದಾಗಲೆಲ್ಲ ನನ್ನದು "ನೋಡೋಣ ಸರ". ಹೋದರೂ ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದು, ಸಂಜೆ ಬಸ್ಸಿಗೆ ವಾಪಸ್ಸು. ತೊಂದರೆ ಕೊಡಬಾರದಲ್ಲ! ಈಚೆಗೆ ಅವರು ಕರೆಯುವುದನ್ನೇ ಬಿಟ್ಟಿದ್ದಾರೆ. ಮಾತಾಡಲು ನನಗೆ ಉಳಿದಿರುವವರು ಅವರೊಬ್ಬರೇ ಎಂಬುದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಕೈ ತೊಳೆದು ಫೋನ್ ಮಾಡಿದೆ.

"ಸರ, ನಾಳೆ ಬರ್ತೀನಿ. ಈ ಸಲ ಸಂಜಿಗೆ ಹೊಳ್ಳಿ ಹೋಗಂಗಿಲ್ಲ, ಇರ್ತೀನಿ. ಒಬ್ಬನ ಮನ್ಯಾಗ ಇರಾಕ ಆಗವಲ್ದು."



"ಬರ್ರಿ. ಬೀಜ ನೀವ ತಗೊಂಡ್ ಬರ್ರಿ," ಅಂದರು. "ನನ್ನವೆಲ್ಲಾ ಹುಳ ಹಿಡದಾವು."

ಎಣಿಸಲಿಲ್ಲ. ಇದ್ದಷ್ಟನ್ನೂ ಚೀಲಕ್ಕೆ ಸುರಿದೆ.