ನಾನು ಕಿತ್ತುಹಾಕಿದ ಷರಾ ಕಾಲಂ

ಇವತ್ತು ಬೆಳಿಗ್ಗೆ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ಅರ್ಧ ಮುಚ್ಚಿ ನಿಂತುಬಿಟ್ಟಿತು. ಜೊತೆಗಿದ್ದವರು ಮೆಕ್ಯಾನಿಕ್ಕನ್ನು ಬೈಯತೊಡಗಿದರು. ನಾನು ಬಗ್ಗಿ, ಬಾಗಿಲು ಜಾರುವ ಸಂದಿನಲ್ಲಿ ಬೆರಳಾಡಿಸಿ, ಅಂಟಿದ ಬಿಳಿ ಪುಡಿ ತೋರಿಸಿದೆ. ರಂಗೋಲಿ ಪುಡಿ. ಇವನಿಗೆ ಇದೆಲ್ಲ ಹೇಗೆ ಗೊತ್ತು ಎಂಬಂತೆ ಅವರು ನನ್ನನ್ನೇ ನೋಡಿದರು.

ಗೊತ್ತಾದದ್ದು ಕೆಲವು ವರ್ಷಗಳ ಹಿಂದೆ, ಜಯನಗರದಲ್ಲಿದ್ದ ಒಂದು ಲಿಫ್ಟ್ ರಿಪೇರಿ ಕಂಪನಿಯಲ್ಲಿ. ಅಲ್ಲಿ ನಾನು ಡೇಟಾ ಮ್ಯಾನೇಜರ್. ಕಂಪನಿಗೆ ಅರವತ್ತು ಸ್ಲೈಡುಗಳ ಡೇಟಾ ಸ್ಟ್ರಾಟಜಿ ಇತ್ತು. ಅದನ್ನು ಕೊನೆಯವರೆಗೆ ಓದಿದವನು ನಾನೊಬ್ಬನೇ. ಬರೆದವನೂ ನಾನೇ ಅನ್ನಿ. ಅದರಂತೆ, ಮೆಕ್ಯಾನಿಕ್‌ಗಳು ಕಾಗದದಲ್ಲಿ ಬರೆಯುತ್ತಿದ್ದ ವರದಿಯನ್ನು ಮೊಬೈಲಿಗೆ ತಂದೆ. ಕಾಗದದ ಕೊನೆಗೆ ‘ಷರಾ’ ಎಂಬ ಕಾಲಂ ಇತ್ತು. ಅಲ್ಲಿ ಅವರು ತೋಚಿದ್ದೆಲ್ಲ ಗೀಚುತ್ತಿದ್ದರು. ಕಸ ಎಂದು ಅದನ್ನು ಕಿತ್ತುಹಾಕಿ, ಆರಿಸಿಕೊಳ್ಳಲು ಆರು ಕಾರಣ ಕೊಟ್ಟೆ. ಕರೆಂಟು, ಮೋಟಾರು, ಸೆನ್ಸರು, ಹೀಗೆ. ಕೊನೆಯದು ‘ಇತರೆ’.

ಒಂದೇ ಲಿಫ್ಟ್ ಹದಿನೈದು ದಿನದೊಳಗೆ ಮತ್ತೆ ಕೆಟ್ಟರೆ ಮೆಕ್ಯಾನಿಕ್ಕನ ಹೆಸರು ನನ್ನ ಪಟ್ಟಿಯಲ್ಲಿ ಕೆಂಪಾಗುತ್ತಿತ್ತು. ಎಲ್ಲರಿಗಿಂತ ಕೆಂಪಾದವರು ರುದ್ರೇಶಪ್ಪ. ತಿಪಟೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಕೋಣನಕುಂಟೆ ಮತ್ತು ವಸಂತಪುರ ನೋಡಿಕೊಳ್ಳುತ್ತಿದ್ದರು. ಪ್ರತಿ ಸಲವೂ ಅವರು ಒತ್ತಿದ್ದು ‘ಇತರೆ’. ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆಯುವುದೆಂದು ಮಾಲೀಕರು ನಿರ್ಧರಿಸಿದರು. ನನಗೆ ಬೇಸರವಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಸ್ಟ್ರಾಟಜಿಗೆ ಮೊದಲ ಫಲ ಸಿಕ್ಕಿತೆಂದು ಹೆಮ್ಮೆಪಟ್ಟೆ.

ಆ ವಾರ ರುದ್ರೇಶಪ್ಪ ನನ್ನ ಟೇಬಲ್ಲಿನ ಬಳಿ ಬಂದು, “ಶನಿವಾರ ಒಂದಿನ ನನ್ ಜೊತೆ ಬನ್ನಿ ಸಾರ್,” ಅಂದರು. ಅವರ ಬೈಕಿನ ಹಿಂದೆ ಕೂತು ಹೋದೆ.

ಅಲ್ಲಿನ ಕಟ್ಟಡಗಳು ಹಳೇ ಊರಿನವರು ತಮ್ಮ ಹೊಲದಲ್ಲೇ ಕಟ್ಟಿಸಿದವು. ಒಂದು ಮಹಡಿಯಲ್ಲಿ ತಾವಿದ್ದು, ಮಿಕ್ಕವನ್ನು ಬಾಡಿಗೆಗೆ ಕೊಟ್ಟಿದ್ದರು. ಶುಕ್ರವಾರ ಬಂತೆಂದರೆ ಲಿಫ್ಟಿನ ಮುಂದೆ ತೊಳೆದು, ಹೊಸ್ತಿಲಿಗೆ ಹಾಕುವಂತೆ ರಂಗೋಲಿ ಹಾಕಿ, ಬಾಗಿಲಿಗೆ ಕುಂಕುಮ ಇಡುತ್ತಿದ್ದರು. ವಸಂತಪುರದ ಒಂದು ಕಟ್ಟಡದ ಯಜಮಾನರ ಹೆಂಡತಿ ನನ್ನನ್ನೇ ಕೇಳಿದರು: “ದಿನಾ ನಮ್ಮನ್ನ ಹೊತ್ಕೊಂಡ್ ಮೇಲಕ್ಕೆ ಹೋಗತ್ತೆ. ಪೂಜೆ ಬೇಡ್ವೇನಪ್ಪ?” ಇದನ್ನು ಅರವತ್ತು ಸ್ಲೈಡುಗಳಲ್ಲಿ ಎಲ್ಲಿ ಹುಡುಕಲಿ, ನೀವೇ ಹೇಳಿ.

ಒದ್ದೆ ಪುಡಿ ಸಂದಿನಲ್ಲಿ ಗಟ್ಟಿಯಾಗಿ ಶನಿವಾರ ಬಾಗಿಲು ಸಿಕ್ಕಿಕೊಳ್ಳುತ್ತಿತ್ತು. ರುದ್ರೇಶಪ್ಪ ಅಂಗಾತ ಮಲಗಿಯೂ ಬೋರಲು ಮಲಗಿಯೂ ಕೆರೆದು ತೆಗೆಯುತ್ತಿದ್ದರು. ಮುಂದಿನ ಶುಕ್ರವಾರ ಮತ್ತೆ ಅದೇ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಷರಾದಲ್ಲಿ ಬರೆಯುತ್ತಿದ್ದೆ ಅಂದರು. ಆಫೀಸಿಗೆ ಬಂದು ಹಳೇ ಕಾಗದದ ಕಟ್ಟು ಬಿಚ್ಚಿದೆ. ಹಾಳೆ ಹಾಳೆಯಲ್ಲೂ ಅದೇ ಸಾಲು: ‘ರಂಗೋಲಿ ಒಂದು ಮೊಳ ಈಚೆ ಹಾಕಲು ಆಫೀಸಿನಿಂದ ಹೇಳಬೇಕು.’

ಸೋಮವಾರದ ಮೀಟಿಂಗಿನಲ್ಲಿ ಕಂಪನಿ ಮಾಲೀಕರು ರಂಗೋಲಿ ಕಥೆ ಬೇಡ, ನಂಬರ್ ಹೇಳಿ ಅಂದರು. ಮೀಟಿಂಗುಗಳಲ್ಲಿ ನಾನು ನೀರು ಕುಡಿದು, ತಲೆಯಾಡಿಸಿ, ಎದ್ದು ಬರುವ ಪೈಕಿ. ಅವತ್ತು ಕಟ್ಟನ್ನು ಅವರ ಮುಂದೆ ಇಟ್ಟೆ.

“ನಂಬರ್ ತಪ್ಪು ಸಾರ್. ಷರಾ ಕಿತ್ತವನು ನಾನು. ಯಾರನ್ನಾದ್ರೂ ತೆಗೀಲೇಬೇಕು ಅಂದ್ರೆ ಮೊದ್ಲು ನನ್ನ ತೆಗೀರಿ.”

ಅವರು ಓದಿ ಮುಗಿಸುವ ತನಕ ನಾನು ಕೂರಲಿಲ್ಲ. ಕೊನೆಗೆ ಒಂದು ತಿಂಗಳ ಗಡುವು ಕೊಟ್ಟರು. ಷರಾ ಕಾಲಂ ವಾಪಸ್ ಬಂತು. ಕಟ್ಟಡಕ್ಕೊಂದು ಬ್ರಷ್ ಕೊಟ್ಟು, ರಂಗೋಲಿ ಒಂದು ಮೊಳ ಈಚೆ ಇರಲಿ ಎಂದು ಆಫೀಸಿನಿಂದಲೇ ಕೇಳಿಕೊಂಡೆವು. ಎರಡು ಶನಿವಾರ ಕಳೆಯುವಷ್ಟರಲ್ಲಿ ಆ ಕಡೆಯಿಂದ ದೂರಿನ ಫೋನುಗಳು ನಿಂತವು. ರುದ್ರೇಶಪ್ಪನವರ ಕೆಲಸ ಉಳಿಯಿತು.

ಟೀ ಕುಡಿಯುವಾಗ, ಆ ಕೆಂಪು ಪಟ್ಟಿ ಮಾಡಿದವನು ನಾನೇ ಎಂದು ಅವರ ಮುಂದೆ ಒಪ್ಪಿಕೊಂಡೆ.

“ಗೊತ್ತಿತ್ತು ಸಾರ್,” ಅಂದರು. “ಅದಕ್ಕೇ ನಿಮ್ಮನ್ನೇ ಕರೆದಿದ್ದು.”

ಈಗ ನಾನಿರುವುದು ಬೇರೆ ಕಂಪನಿ. ಇವತ್ತು ಮಧ್ಯಾಹ್ನದೊಳಗೆ ಅಂಥದ್ದೇ ಒಂದು ಪಟ್ಟಿ ಕಳಿಸಬೇಕಿತ್ತು; ಅದರಲ್ಲಿ ಹನ್ನೊಂದು ಹೆಸರು ಕೆಂಪಾಗಿವೆ. ಬಾಸ್ ಎರಡು ಸಲ ಫೋನ್ ಮಾಡಿದರು. ಈ ಹನ್ನೊಂದು ಜನರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ, ನೋಡದೆ ಕಳಿಸುವುದಿಲ್ಲ ಅಂದೆ. ಹಾಗಾದರೆ ಯಾವಾಗ ಕಳಿಸುತ್ತೀರಿ ಎಂದು ಗದರಿದರು. ಹನ್ನೊಂದು ದಿನ ಬೇಕು, ಅಂದೆ.