ಮಾನಿಟರ್ ಹೋಗಿರಲಿಲ್ಲ, ಸುಜಾತ

ಆ ಮಾನಿಟರ್ ಹೋಗಿರಲಿಲ್ಲ, ಸುಜಾತ. ನಿನ್ನ ಪರೀಕ್ಷೆಯ ದಿನ ಅದು ಸರಿಯಾಗಿಯೇ ಇತ್ತು. ನನಗದು ಗೊತ್ತಿತ್ತು. ಕಪ್ಪಾದ ಪರದೆಯನ್ನು ಮತ್ತೆ ಬರಿಸುವುದು ಹೇಗೆ ಅನ್ನುವುದೂ ಗೊತ್ತಿತ್ತು. ಗೊತ್ತಿದ್ದೂ ಹೋಗಿದೆ ಅಂದೆ — ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು.

ಆ ಬೆಳಿಗ್ಗೆ ಬೇರೆ ಬೆಳಿಗ್ಗೆಗಳ ಹಾಗೇ ಶುರುವಾಗಿತ್ತು. ನಾನು ಹಾಲು ಕಾಯಿಸಲು ಇಟ್ಟೆ, ನೀನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಬಂದೆ. ನನ್ನ ಮಗಳಿಗೆ ಡಬ್ಬಿ ಕಟ್ಟಿ ಸ್ಕೂಲಿಗೆ ಕಳಿಸಿದ ಮೇಲೆ ಇಬ್ಬರೂ ಅತ್ತೆಯ ಕೋಣೆಗೆ ಹೋದೆವು. ಪಾರ್ಶ್ವವಾಯು ಹೊಡೆದ ಮೇಲೆ ಅವರನ್ನು ಎತ್ತಿ ಕೂರಿಸುವುದು ಒಬ್ಬರ ಕೈಲಾಗುವ ಕೆಲಸವಾಗಿರಲಿಲ್ಲ. ಸಾದಲಿಯಿಂದ ಬಂದ ಕಿರಿ ಸೊಸೆ ನೀನು ಬೆನ್ನಿನ ಕಡೆ, ಹಿರಿ ಸೊಸೆ ನಾನು ಕಾಲಿನ ಕಡೆ. "ಹ್ಞೂ ಅಕ್ಕ" ಅಂತ ನೀನು ಅಂದ ಕೂಡಲೇ ಇಬ್ಬರೂ ಒಟ್ಟಿಗೆ ಎತ್ತಬೇಕು. ಆ ದಿನ ನಿನ್ನ ಕೈಯಲ್ಲಿ ಬಳೆ ಇರಲಿಲ್ಲ. ಟೈಪ್ ಮಾಡುವಾಗ ಕೀಬೋರ್ಡಿಗೆ ತಾಗುತ್ತವೆ ಅಂತ ನೀನೇ ಎಲ್ಲ ತೆಗೆದು ದೇವರ ಗೂಡಿನಲ್ಲಿ ಇಟ್ಟಿದ್ದೆ. ಬರಿಗೈ ನೋಡಿ ಅತ್ತೆ ಗೊಣಗಿದರು. ನೀನು ನಕ್ಕೆ.

ಅದನ್ನು ನೋಡುತ್ತಲೇ ನನಗೆ ಅನ್ನಿಸಿತು — ಇವಳು ನಿಜವಾಗಿ ಹೋಗುತ್ತಾಳೆ.

ಚಿಕ್ಕಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಫೀಸು ಕೆಲಸ. ಮನೆಯಿಂದಲೇ ಬರೆಯಬೇಕಾದ ಪರೀಕ್ಷೆ, ಕಂಪ್ಯೂಟರ್‌ನಲ್ಲೇ ಆಗಬೇಕು, ಮೊಬೈಲಿನಲ್ಲಿ ತೆರೆಯುವುದಿಲ್ಲ. ಹೇಳಿದ ಹೊತ್ತಿಗೆ ಒಳಗೆ ಹೋಗದಿದ್ದರೆ ಆಮೇಲೆ ಬಿಡುವುದಿಲ್ಲ. ಇದೆಲ್ಲ ನಿನಗೆ ಬಿಡಿಸಿ ಹೇಳಿದವಳು ನಾನೇ. ಆ ಮನೆಯಲ್ಲಿ ಇಂಗ್ಲಿಷಿನಲ್ಲಿ ಏನು ಬಂದರೂ ನನ್ನ ಕೈಗೇ ಬರುತ್ತಿತ್ತಲ್ಲ — ಅತ್ತೆಯ ಮಾತ್ರೆಯ ಡಬ್ಬಿ, ಬ್ಯಾಂಕಿನ ಮೆಸೇಜು, ಮಿಕ್ಸಿಯ ಜೊತೆ ಬಂದ ಪುಸ್ತಕ. ಕಾನ್ವೆಂಟಿನಲ್ಲಿ ಓದಿದವಳು, ಇವಳು ಹೇಳಿದರೆ ಸರಿ ಅಂತ ಎಲ್ಲರಿಗೂ ನಂಬಿಕೆ.

ಹಿಂದಿನ ದಿನದ ಮಧ್ಯಾಹ್ನದ ವಿಷಯ ಇಲ್ಲಿ ಹೇಳಬೇಕು. ಕೊರೊನಾ ಕಾಲದಲ್ಲಿ ಮಗಳ ಪಾಠಕ್ಕೆಂದು ತಂದ ಆ ಕಂಪ್ಯೂಟರನ್ನು, ನೀವೆಲ್ಲ ಮಲಗಿದಾಗ, ನಾನು ಬಳಸುತ್ತಿದ್ದೆ. ಅಡುಗೆ ನೋಡುವುದು, ಏನೋ ಓದುವುದು. ಕೆಲವು ದಿನಗಳಿಂದ ಪರದೆಯ ಕೆಳಗಡೆ ಸಣ್ಣಗೆ ನಡುಗುತ್ತಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ, ನನಗೆ ಮಾತ್ರ ಹಣೆ ನೋಯುತ್ತಿತ್ತು. ಚಿತ್ರ ತೋರಿಸುವ ಗ್ರಾಫಿಕ್ಸ್ ಡ್ರೈವರ್ ತಾನೇ ಅಪ್‌ಡೇಟ್ ಆದಾಗಿನಿಂದ ಹೀಗಾಗಿದೆ ಅಂತ ಓದಿ ತಿಳಿದುಕೊಂಡೆ. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೋ ಅದಕ್ಕೆ ರಿಫ್ರೆಶ್ ರೇಟ್ ಅನ್ನುತ್ತಾರಂತೆ. ಅರವತ್ತು ಇದ್ದದ್ದನ್ನು ನಾನೇ ಒಂದು ಹೊಸ ಸಂಖ್ಯೆ ಹಾಕಿ ಏರಿಸಬಹುದಂತೆ. ಹಿಂದೆಯೂ ಒಮ್ಮೆ ಮಾಡಿದ್ದೆ. ಆಗ ಪರದೆ ತಡೆದುಕೊಳ್ಳಲಾರದೆ ಕಪ್ಪಾಗಿತ್ತು. ಹೆದರಿ, ಹಾಲ್‌ನಲ್ಲಿದ್ದ ಟಿವಿಯ ಕೇಬಲ್ ತಂದು ಕಂಪ್ಯೂಟರಿಗೆ ಚುಚ್ಚಿ, ಟಿವಿಯ ಮೇಲೆ ನೋಡಿಕೊಂಡು ಮತ್ತೆ ಅರವತ್ತಕ್ಕೆ ತಂದಿದ್ದೆ. ಅನ್ನಕ್ಕೆ ಇಟ್ಟಿದ್ದ ಕುಕ್ಕರ್ ಕೂಗುವಷ್ಟರಲ್ಲಿ ಆಗಿಹೋಗಿತ್ತು. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂತೀಯ! ಯಾರಿಗೂ ಹೇಳಲಿಲ್ಲ. ಹೇಳಿದ್ದರೆ "ನಿನಗ್ಯಾಕೆ ಅದರ ಉಸಾಬರಿ" ಅನ್ನುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ, ಈ ಸಲ ಇನ್ನೊಂದಿಷ್ಟು ಕಡಿಮೆ ಹಾಕಿದರೆ ಪರದೆ ತಡೆದೀತು ಅಂತ, ಮತ್ತೆ ಸಂಖ್ಯೆ ಬದಲಿಸಿದೆ. ಕಂಪ್ಯೂಟರ್ ಆರಿಸಿ ಹೊತ್ತಿಸಿದ ಮೇಲೆ ಜಾರಿಗೆ ಬರುತ್ತದೆ ಅಂದಿತು. ಆರಿಸಿದೆ — ಅಷ್ಟರಲ್ಲಿ ಅತ್ತೆ ಕರೆದರು. ಹೋದವಳು ಮರೆತೆ. ಮರೆತದ್ದು ನಿಜ, ಸುಜಾತ. ಅಲ್ಲಿಯವರೆಗೆ ನನ್ನದು ಬರೀ ಮರೆವು.

ನೀನು ಹೊತ್ತಿಗೆ ಮುಂಚೆಯೇ ತಲೆ ಬಾಚಿ, ಹಣೆಗಿಟ್ಟುಕೊಂಡು ಕುಳಿತೆ. ಸ್ವಿಚ್ ಹಾಕಿದೆ. ಕಂಪನಿಯ ಗುರುತು ಚೆನ್ನಾಗಿಯೇ ಮೂಡಿತು. ಆಮೇಲೆ ಪರದೆ ಕಪ್ಪಾಗಿ, ನಡುವೆ ಒಂದು ಸಣ್ಣ ಚೌಕದಲ್ಲಿ ಎರಡು ಸಾಲು ಬಂದವು.

"ಅಕ್ಕಾ, ಔಟ್ ಆಫ್ ರೇಂಜ್ ಅಂತ ಬರ್ತಿದೆ. ಹಂಗಂದ್ರೇನಕ್ಕ?"

ನಾನು ಬಾಗಿಲಲ್ಲಿ ನಿಂತು ಓದಿದೆ. ಔಟ್ ಆಫ್ ರೇಂಜ್. ಕೆಳಗಿನ ಸಾಲಿನಲ್ಲಿ ಅರವತ್ತಕ್ಕೆ ಬದಲಿಸಿ ಅಂತಲೂ ಇತ್ತು. ಅಂದರೆ ಏನೂ ಕೆಟ್ಟಿಲ್ಲ ಅನ್ನುವುದು, ಏನು ಮಾಡಬೇಕು ಅನ್ನುವುದು, ಎರಡನ್ನೂ ಅದೇ ಬಾಯಿಬಿಟ್ಟು ಹೇಳುತ್ತಿತ್ತು. ಟಿವಿಯ ಕೇಬಲ್ ಹಾಲ್‌ನಲ್ಲಿ, ನಾನು ನಿಂತಲ್ಲಿಂದ ಕಾಣುತ್ತಿತ್ತು. ಕಾಲಾವಕಾಶವೂ ಇತ್ತು. ಕೋಣೆಯಲ್ಲಿ ಅತ್ತೆ ಕೆಮ್ಮಿದರು. ನಾಳೆಯಿಂದ ಬೆನ್ನಿನ ಕಡೆ ಯಾರು ಅಂತ ನನಗೆ — 

"ಮಾನಿಟರ್ ಹೋಗಿದೆ ಅಂತ" ಅಂದೆ.

ಮಾತ್ರೆಯ ಡಬ್ಬಿ ಓದಿ ಹೇಳುವ ದನಿಯಲ್ಲೇ ಹೇಳಿದೆ.

"ಈಗ ತಾನೇ ಕಂಪನಿ ಹೆಸ್ರು ಚೆನ್ನಾಗ್ ಬಂತಲ್ಲಕ್ಕ?"

"ಆರೋ ದೀಪ ಜೋರಾಗಿ ಉರಿಯಲ್ವೇನೇ, ಹಂಗೇ ಇದೂನು."

ಮೊದಲನೆಯ ಸುಳ್ಳು ಬಾಯಿ ತಪ್ಪಿ ಬಂತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನೆಯದಕ್ಕೆ ಹಾಗೆ ಹೇಳಿಕೊಳ್ಳಲು ಬರುವುದಿಲ್ಲ. ಅದನ್ನು ನಾನು ಹೊಂದಿಸಿದೆ.

ನೀನು ನಿನ್ನ ಗಂಡ ಮಹೇಶನಿಗೆ ಫೋನ್ ಮಾಡಿದೆ. ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಿಂದ, ಗೂಡು ಬೇಯಿಸಿದ ನೀರಿನ ವಾಸನೆಯಲ್ಲೇ ಓಡಿಬಂದ. ಯಾವುದಕ್ಕೂ ನೋಡಿಸೋಣ ಅಂತ ಸಿಪಿಯು ಸ್ಕೂಟರಿನ ಮುಂದೆ ಇಟ್ಟುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ. ಅಲ್ಲಿ ಅವರ ದೊಡ್ಡ ಪರದೆಗೆ ಹಾಕಿದರೆ ಎಲ್ಲ ಸರಿಯಾಗಿ ಬಂತಂತೆ. ಬರದೇನು, ಹೊಸ ಪರದೆಗಳಿಗೆ ಅಂಥ ಸಂಖ್ಯೆ ಲೆಕ್ಕಕ್ಕಿಲ್ಲ. "ಸಿಪಿಯು ಚೆನ್ನಾಗೈತೆ, ನಿಮ್ ಮಾನಿಟರೇ ಹೋಗಿರೋದು" ಅಂದರಂತೆ. ನನ್ನ ಸುಳ್ಳಿಗೆ ಅಂಗಡಿಯವನೇ ಸಾಕ್ಷಿಯಾದ. ಮಹೇಶ ಫೋನ್ ಮಾಡಿ ಅದನ್ನು ಹೇಳುವಷ್ಟರಲ್ಲಿ ನಿನ್ನ ಹೊತ್ತು ಮೀರಿತ್ತು.

ನೀನು ಅಳಲಿಲ್ಲ. ದೇವರ ಗೂಡಿನಿಂದ ಬಳೆ ತೆಗೆದು ಒಂದೊಂದಾಗಿ ಹಾಕಿಕೊಂಡೆ. ಅತ್ತೆ ಒಳಗಿನಿಂದಲೇ, ತೊದಲುತ್ತಾ, "ಬೋಳುಗೈಲಿ ಕೂತ್ರೆ ಇನ್ನೇನಾಗ್ತದೆ" ಅಂದರು. ಆಗಲಾದರೂ ಬಾಯಿಬಿಡಬಹುದಿತ್ತು. ನಾನು ಹುರುಳಿಕಾಯಿ ಮುರಿಯುತ್ತಾ ಕುಳಿತಿದ್ದೆ. ನಾರು ತೆಗೆಯಲು ಮರೆತದ್ದನ್ನು ಕಂಡು, ಮುರಿದದ್ದನ್ನೆಲ್ಲ ಮತ್ತೆ ಎತ್ತಿಕೊಂಡು ನಾರು ತೆಗೆದೆ.

ಸ್ಕೂಲಿನಲ್ಲಿ ಮಾರಲ್ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ತಪ್ಪು ಒಪ್ಪಿಕೊಳ್ಳುವಾಗ 'ಆದರೆ' ಅನ್ನಬಾರದು, ಅಂದರೆ ಅದು ಒಪ್ಪಿಗೆಯಲ್ಲ ಅನ್ನುತ್ತಿದ್ದರು. ಅದಕ್ಕೇ ನನ್ನ ಸೊಂಟ ನೋವು, ಬೆಳಗಿನಿಂದ ಸಂಜೆವರೆಗಿನ ಆ ದಣಿವು, ಮನೆಯಲ್ಲಿ ಗಂಡಸರು ಯಾರೂ ಆ ಮಂಚಕ್ಕೆ ಕೈ ಹಾಕದಿದ್ದದ್ದು — ಬೇಡ. ಇವೆಲ್ಲ ನಿನಗೂ ಇದ್ದವು. ನೀನು ಯಾರ ದಾರಿಗೂ ಅಡ್ಡ ನಿಲ್ಲಲಿಲ್ಲ.

ಅತ್ತೆ ತೀರಿಕೊಂಡೂ ಎಷ್ಟೋ ಕಾಲವಾಯಿತು. ಎತ್ತಬೇಕಾದವರೇ ಇಲ್ಲ. ನೀನು ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಮೊನ್ನೆ ನಿನ್ನ ಮಗಳು ಪುಟ್ಟಿ ಚಿತ್ರ ತೋರಿಸು ಅಂತ, ಆಮೇಲೆ ಹೊಸ ಮಾನಿಟರ್ ತಂದು ಹಾಕಿದ ಆ ಕಂಪ್ಯೂಟರಿನ ಹತ್ತಿರ ಎಳೆದಾಗ, "ದೊಡ್ಡಮ್ಮನ್ನ ಕರಿ ಕಣಮ್ಮ, ನಾನು ಮುಟ್ಟಿದ್ರೆ ಅದು ಕೆಟ್ಟೋಗತ್ತೆ" ಅಂದೆ. ನೀನು ನಗುತ್ತಲೇ ಅಂದೆ. ಅವಳೂ ನಕ್ಕಳು. ನಾನು ಕೈ ಒರೆಸಿಕೊಂಡು ಬಂದು ಚಿತ್ರ ಹಾಕಿಕೊಟ್ಟೆ.

ನಾನು ಕಿತ್ತುಕೊಂಡದ್ದು ಕೆಲಸವೊಂದನ್ನೇ ಅಂದುಕೊಂಡಿದ್ದೆ. ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆಯೂ ಹೋಯಿತು ಅಂತ ಮೊನ್ನೆ ಗೊತ್ತಾಯಿತು. ಪುಟ್ಟಿಯೂ ಅದನ್ನೇ ಕಲಿಯುತ್ತಿದ್ದಾಳೆ. ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ, ಸುಜಾತ. ನಾಳೆ ಮಹೇಶ ಕೆಲಸಕ್ಕೆ ಹೊರಟ ಮೇಲೆ ಇದನ್ನು ನಿನ್ನ ಎದುರು ಕೂತು ನಾನೇ ಹೇಳುತ್ತೇನೆ, ಪುಟ್ಟಿಯೂ ಕೇಳಿಸಿಕೊಳ್ಳಲಿ. ಆಮೇಲೆ ನೀನು ನನ್ನನ್ನು ಅಕ್ಕ ಅನ್ನದಿದ್ದರೂ ಸರಿ. ಬರೀ ಬರೆದಿಟ್ಟರೆ ನಾನು ಮತ್ತೆ ಬಾಗಿಲಲ್ಲೇ ನಿಂತ ಹಾಗಾಗುತ್ತದೆ.

ಇನ್ನೊಂದು ಉಳಿದಿದೆ. ನಾನು ಯಾಕೆ ಸುಳ್ಳು ಹೇಳಿದೆ ಅನ್ನುವುದು ಯಾರಿಗೂ ತಿಳಿಯದು ಅಂತ ಆ ದಿನ ಸಂಜೆಯವರೆಗೂ ನಂಬಿದ್ದೆ. ನನಗೇ ಪೂರ್ತಿ ತಿಳಿದಿರಲಿಲ್ಲವೋ ಏನೋ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ರತ್ನಮ್ಮ ಎಂದಿನಂತೆ ಹಿತ್ತಲ ಗೋಡೆಯ ಆಚೆ ಬಂದು ನಿಂತರು. ನೀನು ಒಳಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ, ಲೋಟಕ್ಕೆ ಚಮಚ ತಾಗುವ ಸದ್ದು ಕೇಳುತ್ತಿತ್ತು. ಪರೀಕ್ಷೆ ತಪ್ಪಿದ ಸುದ್ದಿ ಅಷ್ಟರಲ್ಲೇ ಅವರಿಗೆ ಮುಟ್ಟಿತ್ತು. ನಮ್ಮ ಗಿಡದ ಕರಿಬೇವು ಬಗ್ಗಿಸಿ ಕಿತ್ತುಕೊಳ್ಳುತ್ತಾ, ನನ್ನ ಮುಖವನ್ನೂ ನೋಡದೆ ಅಂದರು:

"ಪೋನೀಲೇ, ಹೋಗ್ಲಿ ಬಿಡಮ್ಮಾ. ಆ ಹುಡುಗಿ ಕೆಲ್ಸ ಅಂತ ಹೊರಟೋಗಿದ್ರೆ ಮುದುಕೀನ ನೀನೊಬ್ಳೇ ಎತ್ತಕ್ಕಾಗ್ತಿತ್ತಾ? ಅದು ಕೆಟ್ಟಿದ್ದು ನಿನ್ನ ಪುಣ್ಯ ಅನ್ಕೋ. ಒಂದು ಹಿಡಿ ಕೊತ್ತಂಬರಿ ಐತಾ?"